ನಡೆಯದ ಸೀಸನ್ನಿಗೆ ನಾನು ಗೋಲ್‌ಕೀಪರ್

ನಾನು ಗೋಲ್‌ಕೀಪರ್ ಆಗಿದ್ದವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ದೋಹಾಕ್ಕೆ ಹೋದ ಮೇಲೆ ಐದು ವರ್ಷ ಯಾರಿಗೂ ಹೇಳಿರಲಿಲ್ಲ. ಮೈಸೂರಿನಲ್ಲಿ ಮೊದಲು ಕಾಲೇಜಿಗೆ, ಆಮೇಲೆ ಯೂನಿವರ್ಸಿಟಿಗೆ ಹಾಕಿ ಆಡಿದ್ದೆ. ಎದುರಾಳಿ ಹುಡುಗಿಯರು ನನ್ನ ಬೈಗುಳಕ್ಕೇ ಅರ್ಧ ಹೆದರುತ್ತಿದ್ದರು. ಮದುವೆಯಾದ ಮೇಲೆ ಪ್ಯಾಡು ಅಟ್ಟ ಸೇರಿತು. ದೋಹಾದಲ್ಲಿ ನಾನು ಶಾರ್ಟ್‌ಹ್ಯಾಂಡ್ ಬಲ್ಲ ಸೆಕ್ರೆಟರಿ, ಅಲ್ ಹಿಲಾಲ್‌ನ ಒಂದು ಫ್ಲ್ಯಾಟಿನ ಗೃಹಿಣಿ, ಇಬ್ಬರು ಮಕ್ಕಳ ತಾಯಿ, ಅಷ್ಟೇ.

ತೊಂಬತ್ತರ ದಶಕದ ನಡುವಿನ ಮಾತು. ನಮ್ಮದು ನೀರಿನ ಪೈಪ್‌ಲೈನುಗಳ ನಕ್ಷೆ ಮಾಡಿಕೊಡುವ ಕನ್ಸಲ್ಟೆಂಟ್ ಆಫೀಸು. ಮ್ಯಾನೇಜರ್ ಕೆನಡಾದವರು, ಐವತ್ತು ದಾಟಿದ ಮನುಷ್ಯ. ಹೆಂಡತಿ ತೀರಿಕೊಂಡಿದ್ದರು. ಕೆಂಪು ಪೆನ್ನು ಹಿಡಿದರೆಂದರೆ ನನ್ನ ಟೈಪಿಂಗಿನಲ್ಲಿ ಒಂದು ಚುಕ್ಕೆಯನ್ನೂ ಬಿಡುತ್ತಿರಲಿಲ್ಲ. ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾವುದೇ ಕಾಗದ ಆಫೀಸಿನಿಂದ ಹೊರಗೆ ಹೋಗಬೇಕಾದರೆ, ಕೆಳಗೆ ಯಾರ ಹೆಸರಿದೆಯೋ ಅವರು ಅದನ್ನು ಓದಿ ಮೂಲೆಯಲ್ಲಿ ಇನಿಷಿಯಲ್ ಹಾಕಿರಬೇಕು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಸೈಟ್ ಎಂಜಿನಿಯರ್ ಒಬ್ಬರ ಕಾಗದವನ್ನು ಅವರಿಗೆ ಓದಿಸದೆ ಕಳಿಸಿಬಿಟ್ಟಿದ್ದೆ. ಮ್ಯಾನೇಜರ್ ಎಲ್ಲರೆದುರು ಮುಖಕ್ಕೆ ಮಂಗಳಾರತಿ ಎತ್ತಿದ್ದರು. ಇನ್ನೊಬ್ಬರ ಬಾಯಲ್ಲಿ ನಾವು ಮಾತು ತುರುಕಬಾರದು ಅಂದಿದ್ದರು.

ಅವರ ಒಬ್ಬನೇ ಮಗ ಐಸ್ ಹಾಕಿ ಆಟಗಾರ. ಇಪ್ಪತ್ತೆರಡು ವರ್ಷ. ಕೆನಡಾದ ಎರಡನೆಯ ದರ್ಜೆಯ ಒಂದು ಲೀಗಿನಲ್ಲಿ, ಸಣ್ಣ ಊರಿನ ತಂಡಕ್ಕೆ ಆ ವರ್ಷ ತಾನೇ ಆಯ್ಕೆಯಾಗಿದ್ದ. ಆಟವೇ ಕೆಲಸ, ಆಟವೇ ಹೊಟ್ಟೆಪಾಡು. ಅಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಮೊದಲ ಪಂದ್ಯ ನೋಡಲು ಅಕ್ಟೋಬರಿಗೆ ರಜೆ ಹಾಕಿ, ಟಿಕೆಟ್ ಮಾಡಿಸಿ, ಕ್ಲಯಂಟುಗಳಿಂದ ಹಿಡಿದು ಚಹಾ ಕೊಡುವವರವರೆಗೆ ಎಲ್ಲರಿಗೂ ಹೇಳಿಕೊಂಡು ಬಂದಿದ್ದರು. ಸೀಸನ್ ಶುರುವಾಗಲು ಹತ್ತು ದಿನವಿದೆ ಎನ್ನುವಾಗ ಅವರ ತಮ್ಮನಿಂದ ಫ್ಯಾಕ್ಸ್ ಬಂತು. ತಂಡಗಳ ಮಾಲೀಕರು ಎಲ್ಲ ಆಟಗಾರರಿಗೂ ಬಾಗಿಲು ಹಾಕಿದ್ದಾರೆ, ಲಾಕೌಟ್.

ಐಸ್ ಹಾಕಿಯ ಗಂಧಗಾಳಿ ಇಲ್ಲದಿದ್ದರೂ ಆ ಒಂದು ಶಬ್ದ ನನಗೆ ಚೆನ್ನಾಗಿ ಗೊತ್ತಿತ್ತು. ನಮ್ಮಪ್ಪ ಮೈಸೂರಿನ ನೂಲಿನ ಮಿಲ್ಲಿನಲ್ಲಿದ್ದವರು. ಅದರ ಕಥೆ ಆಮೇಲೆ ಹೇಳುತ್ತೇನೆ.

ಜಗಳ ಎರಡು ವಿಷಯಕ್ಕೆ. ಮಾಲೀಕರು ಆಟಗಾರನನ್ನು ಒಂದು ಮಾತೂ ಕೇಳದೆ ಸೀಸನ್ ನಡುವೆ ಯಾವ ಊರಿಗೆ ಬೇಕಾದರೂ ಕಳಿಸಬಹುದು ಎನ್ನುವುದು ಒಂದು. ಗಾಯವಾದವನು ಆಡಬಹುದೋ ಬಾರದೋ ಎಂದು ಮಾಲೀಕರ ಡಾಕ್ಟರು ಹೇಳಿದ್ದೇ ಕೊನೆ ಎನ್ನುವುದು ಇನ್ನೊಂದು. ಆಟಗಾರರು ಒಪ್ಪಲಿಲ್ಲ. ನಮ್ಮ ಮ್ಯಾನೇಜರರಿಗೆ ಮಾತ್ರ ಆಟಗಾರರ ಮೇಲೇ ಸಿಟ್ಟು. ಹತ್ತು ವರ್ಷ ಬೆಳಗಿನ ಜಾವ ಎದ್ದು ಮಗನನ್ನು ಐಸಿಗೆ ಕರೆದುಕೊಂಡು ಹೋಗಿದ್ದೇನೆ, ಈಗ ಯಾರೋ ಯೂನಿಯನ್ನಿನವರು ಬಾಗಿಲಲ್ಲಿ ಕೂರಿಸಿದರು ಎಂದು ಗೊಣಗುತ್ತಿದ್ದರು. ಅಕ್ಟೋಬರ್ ಕೊನೆಗೆ, ಅವರು ಹೋಗುವ ಬದಲು ಮಗನೇ ದೋಹಾಕ್ಕೆ ಬಂದ. ಐಸ್ ಎಂದರೆ ಜ್ಯೂಸ್ ಅಂಗಡಿಯಲ್ಲಿ ಮಾತ್ರ ಕಾಣುತ್ತಿದ್ದ ಊರಿಗೆ.

ಅವನು ದಿನಾ ಅಬು ಹಮೂರಿನಲ್ಲಿ ಅವರಿದ್ದ ವಿಲ್ಲಾಗಳ ಕಾಂಪೌಂಡಿನ ಟೆನಿಸ್ ಕೋರ್ಟಿನಲ್ಲಿ ಗಟ್ಟಿ ಪ್ಲಾಸ್ಟಿಕ್ ಚೆಂಡನ್ನು ಗೋಡೆಗೆ ಹೊಡೆಯುತ್ತಿದ್ದನಂತೆ. ಗೋಡೆಗೆ ಹೊಡೆದು ಏನು ಬಂತು, ಗೋಲು ಕಾಯುವವರು ಬೇಕು. ಕಾಂಪೌಂಡಿನ ಇಬ್ಬರು ಬ್ರಿಟಿಷರು ಒಂದೊಂದು ದಿನ ನಿಂತು, ಮೊಣಕಾಲು ಹಿಡಿದುಕೊಂಡು ಮನೆಗೆ ಹೋಗಿದ್ದರು. ಡಿಕ್ಟೇಶನ್ ನಡುವೆ ಮ್ಯಾನೇಜರ್ ಇದನ್ನು ಹೇಳಿಕೊಂಡಾಗ, ನಾನು ಗೋಲ್‌ಕೀಪರ್ ಆಗಿದ್ದೆ ಸರ್ ಎಂದುಬಿಟ್ಟೆ. ಅವರು ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ನನಗೆ ನಗುವವರನ್ನು ಕಂಡರೆ ಮೊದಲಿನಿಂದಲೂ ಮೈ ಉರಿಯುತ್ತದೆ. ಶುಕ್ರವಾರ ಬೆಳಿಗ್ಗೆ ಐದೂವರೆಗೆ ಬರುತ್ತೇನೆ ಅಂದೆ.

ನನ್ನ ಗಂಡ ಏರ್‌ಪೋರ್ಟಿನ ಕಾರ್ಗೋದಲ್ಲಿದ್ದರು. ಪರಿಚಯದ ಕ್ರಿಕೆಟ್ ತಂಡದವರಿಂದ ಪ್ಯಾಡು, ಹೆಲ್ಮೆಟ್ಟು ಎರವಲು ತಂದುಕೊಟ್ಟರು. ಕಾರಿನಲ್ಲಿ ಬಿಡಲು ಬಂದವರು ಬೆಂಚಿನ ಮೇಲೆ ಕೂತು ವಾರಪತ್ರಿಕೆ ಬಿಚ್ಚಿದರು. "ಹೆಣ್ಣು ನೋಡೋಕೆ ಬಂದಾಗ ಹುಡುಗಿಗೆ ಸಂಗೀತ ಬರತ್ತೆ ಅಂತ ನಿಮ್ಮನೇವ್ರು ಹೇಳಿದ್ರು ಕಣೇ," ಎಂದಷ್ಟೇ ಅಂದರು.

ಸಲ್ವಾರಿನ ಮೇಲೆ ಪ್ಯಾಡು ಕಟ್ಟಿದ ನನ್ನನ್ನು ನೋಡಿ ಹುಡುಗ ಪಾಪ, ಮೆಲ್ಲಗೆ ಹೊಡೆದ. ಒದ್ದೆ. ಇನ್ನೊಂದು ಮೆಲ್ಲಗೆ ಹೊಡೆದ. ಅದನ್ನೂ ಒದ್ದೆ. ಊಟ ಮಾಡಿ ಬಂದಿಲ್ಲವೇನಪ್ಪ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ಮೂರನೆಯದು ಬಂತು ನೋಡಿ, ಕಿವಿಯ ಪಕ್ಕ ಗಾಳಿ ಸೀಳಿಕೊಂಡು ಹೋಯಿತು. ಹದಿನಾಲ್ಕು ವರ್ಷದ ಮೇಲೆ ನನ್ನ ರಕ್ತ ಕುದಿಯಿತು. ಅವತ್ತು ಒಂದು ಗಂಟೆಯಲ್ಲಿ ಎಷ್ಟು ಬಿಟ್ಟೆನೋ ಅಷ್ಟೇ ತಡೆದೆ. ಮನೆಗೆ ಬಂದು ಬಿಸಿನೀರಿನ ಬಕೆಟ್ಟಿನ ಮುಂದೆ ಕೂತರೆ ಏಳಲಾಗಲಿಲ್ಲ, ಆದರೆ ಖುಷಿಗೆ ನಗು ತಡೆಯಲೂ ಆಗಲಿಲ್ಲ.

ಆಮೇಲೆ ವಾರಕ್ಕೆ ಮೂರು ಬೆಳಿಗ್ಗೆ ಅದೇ ಆಯಿತು. ಒಂದು ತೊಂದರೆ ಮಾತ್ರ ಹೋಗಲಿಲ್ಲ. ಅವರ ಆಟದಲ್ಲಿ ಗೋಲ್‌ಕೀಪರ್ ಎಡಗೈಗೆ ದೊಡ್ಡ ಚರ್ಮದ ಗ್ಲೌಸು ಹಾಕಿ ಬಂದದ್ದನ್ನು ಗಬಕ್ಕನೆ ಹಿಡಿದುಕೊಳ್ಳಬೇಕು. ನಮ್ಮ ಹಾಕಿಯಲ್ಲಿ ಕೈಯಿಂದ ತಡೆಯಬಹುದು, ಹಿಡಿದುಕೊಂಡರೆ ಫೌಲು. ಕಾಲಿನಿಂದ ಒದ್ದು ದೂರ ಕಳಿಸಬೇಕು. ಹುಡುಗ ಗ್ಲೌಸು ತಂದುಕೊಟ್ಟು, ಹಿಡಿಯಿರಿ, ಹಿಡಿಯಿರಿ ಎಂದು ಕೂಗುತ್ತಿದ್ದ. ಬುದ್ಧಿ ಹೂಂ ಅಂದರೂ ಕಾಲು ಕೇಳಬೇಕಲ್ಲ. ಚೆಂಡು ಬಂದ ಕೂಡಲೇ ಬಲಗಾಲು ತಾನೇ ಹೋಗಿ ಒದೆಯುತ್ತಿತ್ತು, ಚೆಂಡು ತಿರುಗಿ ಅವನ ಮುಂದೆಯೇ ಬೀಳುತ್ತಿತ್ತು. ಅವನು ಅದನ್ನು ಮತ್ತೆ ಹೊಡೆಯುತ್ತಿದ್ದ. ಡಿಸೆಂಬರ್ ಹೊತ್ತಿಗೆ, ಮರಳಿ ಬಂದ ಚೆಂಡನ್ನು ನಿಲ್ಲಿಸದೆ ಹೊಡೆಯುವುದರಲ್ಲಿ ಎಷ್ಟು ಪಳಗಿದನೆಂದರೆ, ಹಿಡಿಯಬೇಡಿ ಕೋಚ್, ಒದೆಯಿರಿ ಎಂದು ಅವನೇ ಹೇಳತೊಡಗಿದ. ನನ್ನ ತಪ್ಪನ್ನು ಅವನು ಪಾಠ ಮಾಡಿಕೊಂಡ. ಎರಡು ವರ್ಷದ ನಂತರ ಬರೆದ ಕಾಗದದಲ್ಲಿ, ನಾನು ಹೊಡೆದ ಗೋಲುಗಳಲ್ಲಿ ಅರ್ಧ ಹೀಗೆ ಮರಳಿ ಬಂದವೇ ಎಂದಿದ್ದ. ಅವನಿಂದ ಕೋಚ್ ಎಂದು ಕರೆಸಿಕೊಂಡದ್ದಕ್ಕೆ ನನಗೆ ಇವತ್ತಿಗೂ ಹೆಮ್ಮೆ. ಆ ಮಾತನ್ನು ಮುಚ್ಚಿಡುವ ವಿನಯ ನನಗಿಲ್ಲ.

ಜನವರಿಯಲ್ಲಿ ಅವನ ತಂಡದ ಮಾಲೀಕರಿಂದ ಆಫೀಸಿನ ನಂಬರಿಗೆ ಫ್ಯಾಕ್ಸ್ ಬಂತು. ಮ್ಯಾನೇಜರರ ಮನೆಯಲ್ಲಿ ಮಷೀನು ಇರಲಿಲ್ಲ. ಒಬ್ಬೊಬ್ಬ ಆಟಗಾರನಿಗೂ ಬೇರೆಬೇರೆಯಾಗಿ ಕಳಿಸಿದ್ದ ಕಾಗದ ಅದು. ಹೊಸ ಷರತ್ತುಗಳನ್ನು ಒಪ್ಪಿದ್ದೇನೆ, ಇನ್ನು ಯೂನಿಯನ್ನಿನ ಮಾತಿಗೆ ಹೋಗುವುದಿಲ್ಲ ಎಂದು ಬರೆದು ನಾಳೆಯೊಳಗೆ ಕಳಿಸಬೇಕು. ಕಳಿಸಿದವರು ಸಾಕಷ್ಟು ಮಂದಿಯಾದರೆ ಅವರನ್ನಿಟ್ಟುಕೊಂಡು ಸೀಸನ್ ನಡೆಸುತ್ತೇವೆ, ಕಳಿಸದವನಿಗೆ ತಂಡದಲ್ಲಿ ಜಾಗವಿಲ್ಲ.

ಮ್ಯಾನೇಜರ್ ಅದನ್ನು ಎರಡು ಸಲ ಓದಿದರು. ಬಾಗಿಲು ಹಾಕಿ ನನ್ನನ್ನು ಕೂರಿಸಿಕೊಂಡರು. ಮಗನ ಹೆಸರಿನಲ್ಲಿ ಉತ್ತರ ಹೇಳಿ ಬರೆಸಿದರು. ಒಪ್ಪಿದ್ದೇನೆ, ಆಡಲು ತಯಾರಿದ್ದೇನೆ. ಮೂರೇ ಸಾಲು. ಕೆಳಗೆ ಅವನ ಹೆಸರು ಟೈಪ್ ಮಾಡಿ ಈಗಲೇ ಕಳಿಸಿ, ಸಹಿ ನಾನು ಮಾಡುತ್ತೇನೆ, ಅವನಿಗೆ ಆಮೇಲೆ ತಿಳಿಸುತ್ತೇನೆ ಎಂದರು. ಅವನು ಸಣ್ಣವನು, ಸ್ನೇಹಿತರ ಮುಲಾಜಿಗೆ ಬಿದ್ದು ಜೀವನ ಹಾಳು ಮಾಡಿಕೊಳ್ಳುತ್ತಾನೆ ಎಂದರು. ದುರುದ್ದೇಶದ ಮನುಷ್ಯ ಅಲ್ಲವೇ ಅಲ್ಲ. ಮಗನ ಮೇಲಿನ ಪ್ರೀತಿಗೇ ಮಾಡಿದರು, ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹೇಗೆ ಗೊತ್ತಿತ್ತೆಂದರೆ, ಇಂಥದೇ ಕೆಲಸವನ್ನು ನಾನೇ ಒಮ್ಮೆ ಮಾಡಿದ್ದೆ.

ನಾನು ಪಿಯುಸಿಯಲ್ಲಿದ್ದಾಗ ಅಪ್ಪನ ಮಿಲ್ಲಿಗೆ ಲಾಕೌಟ್ ಆಯಿತು. ಮೂರು ತಿಂಗಳು. ಅಪ್ಪ ದಿನಾ ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು ಮಿಲ್ಲಿನ ಗೇಟಿಗೆ ಹೋಗಿ ಉಳಿದವರ ಜೊತೆ ಕೂತು ಬರುತ್ತಿದ್ದರು. ಒಂದು ಮಧ್ಯಾಹ್ನ ಆಡಳಿತದ ಕಡೆಯವರೊಬ್ಬರು ಮನೆಗೆ ಒಂದು ಕಾಗದ ತಂದುಕೊಟ್ಟರು. ಸನ್ನಡತೆಯ ಮುಚ್ಚಳಿಕೆ. ಮುಷ್ಕರದ ತಂಟೆಗೆ ಹೋಗುವುದಿಲ್ಲ, ಒಳಗೆ ಬಿಟ್ಟುಕೊಳ್ಳಿ ಎಂದು ಒಬ್ಬೊಬ್ಬರೇ ಬರೆದುಕೊಡುವುದು. ಸಂಜೆ ಐದರೊಳಗೆ ಕೊಟ್ಟರೆ ಕೆಲಸ ಉಳಿಯುತ್ತದೆ ಅಂದರು. ನಮ್ಮ ಮನೆಯ ಅರ್ಜಿ, ಫಾರಮ್ಮು, ಎಲ್ಲ ತುಂಬುತ್ತಿದ್ದವಳು ನಾನು. ಅಪ್ಪ ಹೊರಗಿದ್ದರೆ ಅವರ ಸಹಿಯನ್ನೂ ನಾನೇ ಹಾಕುತ್ತಿದ್ದೆ, ಮನೆಯಲ್ಲಿ ಅದು ತಪ್ಪೆಂದು ಯಾರೂ ತಿಳಿದಿರಲಿಲ್ಲ. ಅಮ್ಮ ನನ್ನ ಮುಖ ನೋಡಿದಳು. ಹಾಕಿಬಿಟ್ಟೆ.

ಮೂರನೆಯ ದಿನ ಗೇಟಿನಲ್ಲಿ ಮುಚ್ಚಳಿಕೆ ಕೊಟ್ಟವರ ಪಟ್ಟಿ ಅಂಟಿಸಿದರು. ಅಪ್ಪನಿಗಿಂತ ಮುಂಚೆ ಅವರ ಪಕ್ಕ ಕೂರುತ್ತಿದ್ದವರು ಅದನ್ನು ಓದಿದರು. ಅಪ್ಪ ಮನೆಗೆ ಬಂದು ಕೂಗಾಡಲಿಲ್ಲ. ಅಂಗಿ ಬಿಚ್ಚಿ ಮೊಳೆಗೆ ಹಾಕಿ, "ನನ್ನ ಹೆಸ್ರು ಅಂತ ಇದ್ದಿದ್ದು ಅದೊಂದೇ ಕಣವ್ವ. ಅದ್ನೂ ನೀನು ಬರ್ದು ಕೊಟ್‌ಬುಟ್ಟೆ," ಎಂದರು. ಪಟ್ಟಿಯಲ್ಲಿ ಹೆಸರಿದ್ದರೂ ಒಳಗೆ ಹೋಗದೆ ಕೊನೆಯವರೆಗೂ ಗೇಟಿನ ಹೊರಗೇ ಕೂತರು. ಆದರೂ ಕೆಲವರು ಅವರ ಜೊತೆ ಮಾತು ಬಿಟ್ಟದ್ದು ಬಿಟ್ಟದ್ದೇ. ಅದಾದ ಮೇಲೆ ಅಪ್ಪ ಒಂದೇ ಒಂದು ಫಾರಮ್ಮನ್ನೂ ನನ್ನ ಕೈಗೆ ಕೊಡಲಿಲ್ಲ. ಎದುರು ಮನೆಯ ಮೇಷ್ಟ್ರ ಹತ್ತಿರ ಬರೆಸಿಕೊಂಡು ಬರುತ್ತಿದ್ದರು. ಅದರ ನೋವು ಹೇಳಿ ತೀರುವಂಥದಲ್ಲ.

ಇದನ್ನೆಲ್ಲ ಮ್ಯಾನೇಜರರ ಎದುರು ಕೂತು ಒಂದು ಕ್ಷಣದಲ್ಲಿ ನೆನೆದೆ. ಪೆನ್ಸಿಲ್ ಕೆಳಗಿಟ್ಟೆ. ಟೈಪ್ ಮಾಡುತ್ತೇನೆ ಸರ್, ಕಳಿಸುವುದಿಲ್ಲ ಅಂದೆ. ಯಾಕೆ ಎಂದರು. ಕೆಳಗೆ ಯಾರ ಹೆಸರಿದೆಯೋ ಅವರ ಇನಿಷಿಯಲ್ ಇಲ್ಲವಲ್ಲ ಅಂದೆ. ಅವರ ಮುಖ ಕೆಂಪೇರಿತು.

"ನಾನು ಅವನ ಅಪ್ಪ," ಎಂದರು.

"ನಾನು ಮಗಳಾಗಿದ್ದೆ, ಸರ್," ಅಂದೆ. ಮುಚ್ಚಳಿಕೆಯ ಕಥೆಯನ್ನು ನಾಲ್ಕು ಮಾತಿನಲ್ಲಿ ಹೇಳಿದೆ. ಗಂಡನಿಗೂ ಹೇಳಿರದ ಕಥೆ ಅದು. ಅವರು ಕೇಳಿಸಿಕೊಂಡರು, ಆದರೆ ಸಿಟ್ಟು ಇಳಿಯಲಿಲ್ಲ. ಶನಿವಾರದೊಳಗೆ ನನಗೆ ಬೇರೆ ಸೆಕ್ರೆಟರಿ ಸಿಗುತ್ತಾರೆ, ಗೊತ್ತಲ್ಲ ಎಂದರು. ಸಿಗಲಿ ಸರ್ ಅಂದೆ. ಎದ್ದು ಹೋಗಿ ಆ ಮೂರು ಸಾಲನ್ನು ಒಂದು ತಪ್ಪಿಲ್ಲದೆ ಟೈಪ್ ಮಾಡಿದೆ. ಅವರ ಫೋಲ್ಡರಿನಲ್ಲಿಟ್ಟು ಬಂದೆ. ಯಾವ ಪೆನಾಲ್ಟಿಗೂ ಅಷ್ಟು ಹೆದರಿರಲಿಲ್ಲ.

ರಿಸೆಪ್ಷನ್ನಿನಲ್ಲಿ ಮಂಗಳೂರು ಕಡೆಯ ಹೆಂಗಸೊಬ್ಬಳಿದ್ದಳು. ನನಗೆ ಆ ಆಫೀಸಿನಲ್ಲಿ ಇದ್ದ ಒಬ್ಬಳೇ ಗೆಳತಿ. ಬಾಗಿಲಾಚೆಯಿಂದ ದನಿ ಕೇಳಿಸಿತ್ತು. "ಎಂತ ಮಾರಾಯ್ತಿ, ನಿಮ್ಮ ಮಂಡೆ ಸಮ ಉಂಟಾ? ಅವ್ರ ಮಗ, ಅವ್ರ ಫ್ಯಾಕ್ಸು. ಕಳಿಸಿಬಿಟ್ರೆ ಖಲಾಸ್ ಅಲ್ವಾ?" ಎಂದು ಗದರಿದಳು. ಆಮೇಲೆ ನನ್ನ ಬ್ಯಾಗು ತಾನೇ ಎತ್ತಿಕೊಂಡು ಕಾರಿನವರೆಗೂ ಬಂದಳು.

ಆಗ ಆಫೀಸು ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಮಧ್ಯಾಹ್ನ ಊಟಕ್ಕೆ ಮನೆಗೆ ಹೋದವಳು ಗಂಡನಿಗೆ ಎಲ್ಲ ಹೇಳಿದೆ, ಅಪ್ಪನ ವಿಷಯವನ್ನೂ. ಅವರು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದರು. ಕೆಲಸ ಹೋದರೆ ಹೋಗಲಿ, ಊಟ ಮಾಡು ಎಂದರು. ಆ ಮನುಷ್ಯನನ್ನು ಕಟ್ಟಿಕೊಂಡದ್ದಕ್ಕೆ ನನಗೆ ಅವತ್ತು ನಿಜವಾಗಿ ಹೆಮ್ಮೆಯಾಯಿತು.

ಸಂಜೆ ನಾಲ್ಕಕ್ಕೆ ಹೋದರೆ ಮ್ಯಾನೇಜರ್ ಬಂದಿರಲಿಲ್ಲ. ಫೋಲ್ಡರೂ ಮೇಜಿನ ಮೇಲಿರಲಿಲ್ಲ. ಆರಕ್ಕೆ ಬಂದರು. ಫ್ಯಾಕ್ಸ್ ಮಷೀನಿನ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಪೈಪುಗಳ ಬಗ್ಗೆ ಎರಡು ಕಾಗದ ಹೇಳಿ ಬರೆಸಿ ಹೊರಟುಹೋದರು.

ಏನಾಯಿತೆಂದು ಶುಕ್ರವಾರ ಹುಡುಗ ಹೇಳಿದ. ಅಪ್ಪ ಊಟದ ಮೇಜಿನ ಮೇಲೆ ಕಾಗದವಿಟ್ಟು, ಪಕ್ಕದಲ್ಲಿ ಪೆನ್ನಿಟ್ಟು, ಓದು ಎಂದರಂತೆ. ಅವನು ಓದಿದ. ಮೂರು ಗಂಟೆ ಹೊತ್ತು ಇಬ್ಬರೂ ಜಗಳವಾಡಿದರು. ಅವನ ತಂಡದಲ್ಲಿ ಮೊಣಕಾಲು ಹೋದವನೊಬ್ಬನಿದ್ದ. ಹಿಂದಿನ ವರ್ಷ ಮಾಲೀಕರ ಡಾಕ್ಟರು ಸರಿಯಿದೆ ಎಂದು ಹೇಳಿ ಆಡಿಸಿದ್ದರು, ಈಗ ಅವನು ಮೆಟ್ಟಿಲು ಹತ್ತಲಾರ. ಅವನ ಎದುರು ನಾನು ಹೇಗೆ ಐಸಿಗೆ ಇಳಿಯಲಿ ಎಂದು ಹುಡುಗ ಕೇಳಿದನಂತೆ. ಕಾಗದವನ್ನು ಮಡಚಿ ಅಪ್ಪನಿಗೇ ವಾಪಸು ಕೊಟ್ಟ. ನನಗೆ ಇದನ್ನು ಹೇಳುವಾಗ ಅವನ ಕಣ್ಣು ಕೆಂಪಾಗಿತ್ತು. ನನ್ನ ಕೆಲಸ ಹೋಯಿತು ಅನ್ನಿಸುತ್ತೆ ಕೋಚ್ ಎಂದ. ನನ್ನದೂ ಹೋಯಿತು ಅನ್ನಿಸುತ್ತೆ ಎಂದು ನಾನು ನಕ್ಕೆ. ಆಮೇಲೆ ಅವನು ಹೊಡೆದ ಚೆಂಡಿನ ಏಟಿಗೆ ನನ್ನ ತೊಡೆಯ ಮೇಲೆ ಹದಿನೈದು ದಿನ ಕಪ್ಪು ಇತ್ತು.

ಮ್ಯಾನೇಜರ್ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಮಾತೂ ಆಡಲಿಲ್ಲ. ಡಿಕ್ಟೇಶನ್ ಬಿಟ್ಟರೆ ಒಂದು ಗುಡ್ ಮಾರ್ನಿಂಗೂ ಇಲ್ಲ. ನಾನೇನು ಕಡಿಮೆ, ನಾನೂ ಬಿಗಿದುಕೊಂಡೇ ಇದ್ದೆ. ಮನಸ್ಸಿನೊಳಗೆ ಮಾತ್ರ ಭಯವಿತ್ತು. ಮಾಲೀಕರು ಸೀಸನ್ ನಡೆಸಿಬಿಟ್ಟರೆ, ಸಹಿ ಹಾಕಿದವರೆಲ್ಲ ಆಡಿ ಇವನೊಬ್ಬ ಕೂತುಬಿಟ್ಟರೆ, ಅಪ್ಪ ಮಗ ಇಬ್ಬರಿಗೂ ನಾನೇ ಕಲ್ಲು ಹಾಕಿದ ಹಾಗಾಗುತ್ತದಲ್ಲ ಎಂದು ನಿದ್ದೆ ಬರುತ್ತಿರಲಿಲ್ಲ.

ಫೆಬ್ರವರಿಯಲ್ಲಿ ಮ್ಯಾನೇಜರರ ತಮ್ಮ ಪತ್ರಿಕೆಯ ತುಂಡನ್ನು ಫ್ಯಾಕ್ಸ್ ಮಾಡಿದರು. ಮಷೀನಿನಿಂದ ಬಂದದ್ದನ್ನು ಮೊದಲು ಓದಿದವಳು ನಾನು. ಸಹಿ ಹಾಕಿದವರು ಸಾಲಲಿಲ್ಲ. ಲೀಗಿನ ಪೂರ್ತಿ ಸೀಸನ್ ರದ್ದು. ಒಂದು ಪಂದ್ಯವೂ ಇಲ್ಲ. ತಂಡತಂಡವಾಗಿ ಸಹಿ ಹಾಕಿದವರ ಹೆಸರನ್ನು ಪತ್ರಿಕೆಯಲ್ಲಿ ಅಚ್ಚು ಹಾಕಿದ್ದರು. ಇವನ ತಂಡದಿಂದ ನಾಲ್ಕು ಜನ. ಆ ನಾಲ್ಕರಲ್ಲಿ ಇವನ ಹೆಸರಿರಲಿಲ್ಲ. ಮ್ಯಾನೇಜರರ ಮೇಜಿನ ಮೇಲಿಟ್ಟು ಹೊರಗೆ ಬಂದೆ. ಅವರು ಒಳಗೆ ಒಂದು ಗಂಟೆ ಒಬ್ಬರೇ ಕೂತಿದ್ದರು. ಮೊದಲ ಸೀಸನ್ ಹೋದದ್ದು ಹೋಯಿತು, ಯಾರಿಗೆ ಸಂತೋಷ ಹೇಳಿ.

ಮಾರ್ಚಿನಲ್ಲಿ ಹುಡುಗ ಊರಿಗೆ ಹೊರಟ. ಬೇಸಿಗೆಗೆ ಒಂದು ಮರದ ಕಾರ್ಖಾನೆಯಲ್ಲಿ ಕೆಲಸ ಮಾಡಿಕೊಂಡು, ಮುಂದಿನ ವರ್ಷ ಯಾವುದಾದರೂ ತಂಡ ಕರೆದರೆ ಆಡುತ್ತೇನೆ ಅಂದ. ಕರೆದರು. ಮೂರು ಸೀಸನ್ ಆಡಿದ, ದೊಡ್ಡ ಆಟಗಾರನೇನೂ ಆಗಲಿಲ್ಲ. ಆದರೆ ಆಗ ಅದು ಯಾರಿಗೂ ಗೊತ್ತಿರಲಿಲ್ಲ. ಏರ್‌ಪೋರ್ಟಿಗೆ ಹೋಗುವ ದಿನ ಬೆಳಿಗ್ಗೆ ಕೂಡ ಬಂದು ಒಂದು ಗಂಟೆ ಹೊಡೆದ, ನಾನು ಒದ್ದೆ.

ಅದಾಗಿ ಎರಡು ವಾರಕ್ಕೆ ತಿಂಗಳ ಪ್ರೋಗ್ರೆಸ್ ಮೀಟಿಂಗು. ಮೇಜಿನ ಸುತ್ತ ಕ್ಲಯಂಟಿನವರು, ಕಂಟ್ರಾಕ್ಟರು, ನಮ್ಮವರು. ಮೂಲೆಯಲ್ಲಿ ನಡಾವಳಿ ಬರೆಯುವವಳು ನಾನು. ಕ್ಲಯಂಟಿನ ಹಿರಿಯ ಎಂಜಿನಿಯರು ದೋಹಾದವರೇ, ಒಳ್ಳೆಯ ಮನುಷ್ಯ. ಬಿಡುವಿನಲ್ಲಿ, ನಿಮ್ಮ ಮಗ ಈ ವರ್ಷ ಎಷ್ಟು ಗೋಲು ಹೊಡೆದ ಎಂದು ಕೇಳಿಯೇಬಿಟ್ಟರು. ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ನೋಟ್‌ಬುಕ್ಕಿನಿಂದ ಮುಖ ಎತ್ತಲಿಲ್ಲ.

ಮ್ಯಾನೇಜರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಒಂದೂ ಇಲ್ಲ," ಎಂದರು. "ಆಟಗಾರರನ್ನು ಒಬ್ಬೊಬ್ಬರನ್ನೇ ಹಿಡಿದು ಸಹಿ ಕೇಳಿದರು. ನನ್ನ ಮಗ ಹಾಕಲಿಲ್ಲ." ಆ ಹಿರಿಯರು ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದರು. ಯಲ್ಲಾ, ನಡೀರಿ, ಮುಂದಿನ ವಿಷಯ ಎಂದು ಯಾರೋ ಅಂದರು, ಮತ್ತೆ ವಾಲ್ವುಗಳ ಮಾತು ಶುರುವಾಯಿತು.

ನಾನು ಅದನ್ನೂ ಬರೆದುಕೊಂಡಿದ್ದೆ. ಮೊಂಡುತನ ಅನ್ನಿ, ಏನಾದರೂ ಅನ್ನಿ. ಮರುದಿನ ಕರಡು ಟೈಪ್ ಮಾಡುವಾಗ ಒಂಬತ್ತನೆಯ ಅಂಶ ಮುಗಿದ ಮೇಲೆ ಹತ್ತನೆಯದಾಗಿ ಅದನ್ನೂ ಸೇರಿಸಿದೆ: ಮ್ಯಾನೇಜರರ ಮಗ ಸಹಿ ಹಾಕಲಿಲ್ಲವೆಂದು ತಿಳಿಸಲಾಯಿತು, ಸಭೆ ಗಮನಿಸಿತು. ಪೈಪು ಹೂಳುವ ಕೆಲಸದ ನಡಾವಳಿಯಲ್ಲಿ ಅದಕ್ಕೇನು ಕೆಲಸ? ಹೊಡೆದುಹಾಕುತ್ತಾರೆ, ಬೈಯುತ್ತಾರೆ, ಬೈಯಲಿ ಎಂದುಕೊಂಡು ಅವರ ಮೇಜಿನ ಮೇಲಿಟ್ಟೆ.

ಸಂಜೆ ವಾಪಸು ಬಂತು. ಎಂದಿನಂತೆ ಪುಟದ ತುಂಬ ಕೆಂಪು. ಹತ್ತನೆಯ ಅಂಶದಲ್ಲೂ ಕೆಂಪು ಗೆರೆ ಇತ್ತು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದೆ. ಹೊಡೆದುಹಾಕಿದ್ದು 'ಮ್ಯಾನೇಜರರ ಮಗ' ಎಂಬ ಎರಡು ಪದಗಳನ್ನು ಮಾತ್ರ. ಅದರ ಮೇಲೆ, ಅವಸರವಿಲ್ಲದ ದುಂಡಕ್ಷರದಲ್ಲಿ, ಮಗನ ಪೂರ್ತಿ ಹೆಸರನ್ನು ಬರೆದಿದ್ದರು.